ಕಿವಿಯಿಂದ ಓಡಿಸುವ ರಸ್ತೆ

ಬೆಟ್ಟದ ಬುಡದ ಮಾನೆಭಂಜ್ಯಾಂಗಿನಲ್ಲಿ ಲೈಸೆನ್ಸು ಇದ್ದವರೆಲ್ಲ ಡ್ರೈವರುಗಳಲ್ಲ. ಲೈಸೆನ್ಸು ಕೊಡುವುದು ಸರಕಾರ, ಪಾಪ, ಅದಕ್ಕೇನು ಗೊತ್ತು! ಸಂದಕ್ಫು ಶಿಖರಕ್ಕೆ ಹತ್ತುವ ರಸ್ತೆಯಲ್ಲಿ ಗಾಡಿ ಬಿಡಲು ಅಪ್ಪಣೆ ಕೊಡಬೇಕಾದದ್ದು ಚಾಲಕರ ಸಂಘ. ಅದಕ್ಕೊಂದು ಪದ್ಧತಿಯಿದೆ, ಬಾಯಿಮುಚ್ಚಿದ ಓಟ ಎನ್ನುತ್ತಾರೆ. ಕಲಿತವರು ಗಾಡಿ ಓಡಿಸಬೇಕು, ಕಲಿಸಿದವನು ಪಕ್ಕದಲ್ಲಿ ಕೂತಿರಬೇಕು, ಹಿಂದೆ ಸಂಘದ ಇಬ್ಬರು. ಬುಡದಿಂದ ತುದಿಯವರೆಗೆ ಗುರು ತುಟಿಪಿಟಕ್ಕೆನ್ನುವ ಹಾಗಿಲ್ಲ. ಒಂದು ಮಾತಾಡಿದನೋ, ಶಿಷ್ಯನ ಕತೆ ಮುಗಿಯಿತು. ಹೇಳಿಸಿಕೊಂಡು ಓಡಿಸುವವರ ಕೈಗೆ ಜನರ ಜೀವ ಕೊಡುವುದು ಹೇಗೆ ಸ್ವಾಮಿ?

ಸಂಚಮಾನ್ ರಾಯಿ ಈ ಓಟ ಮುಗಿಸಿದಾಗ ಅವನಿಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಈಗ ಅದು ಪೂರಾ ಬೆಳ್ಳಗಾಗಿದೆ. ಆಲೂಗಡ್ಡೆ ಮೂಟೆ ಹೊರಲು ಬಂದವನು ಒಂದು ಮುದಿ ಲ್ಯಾಂಡ್‌ರೋವರಿಗೆ ಅಂಟಿಕೊಂಡ. ಗಾಡಿಯ ಯಜಮಾನ ಸತ್ತ ಮೇಲೆ ಅದನ್ನೇ ಕೊಂಡ. ಬಸುರಿಯರನ್ನು ಇಳಿಸಿದ, ಮದುವೆ ದಿಬ್ಬಣ ಹತ್ತಿಸಿದ, ಒಮ್ಮೆ ಜ್ವರ ಬಂದ ಯಾಕ್ ಕರುವನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದ. ಬಯಲಿನಿಂದ ಹೊಳೆಯುವ ಗಾಡಿ ತಂದವರು ಅದನ್ನು ಕೆಳಗೇ ನಿಲ್ಲಿಸಿ, "ಆ ಬಿಳಿ ಮೀಸೆಯವನು ಎಲ್ಲಿ?" ಎಂದು ಸ್ಟ್ಯಾಂಡಿನಲ್ಲಿ ಕೇಳಿಕೊಂಡು ಬರುತ್ತಿದ್ದರು. ಉಳಿದ ಡ್ರೈವರುಗಳಿಗೆ ಹೊಟ್ಟೆ ಉರಿಯುತ್ತಿತ್ತು. ಉರಿಯದೆ ಏನು, ಅವರೇನು ಸನ್ಯಾಸಿಗಳೇ?

ಮಗಳು ಸೃಜನಾಳಿಗೆ ಅವನು ಮೊದಲು ಕಲಿಸಿದ್ದು ಸ್ಟೇರಿಂಗಲ್ಲ, ಕಿಟಕಿ. "ಮಂಜು ಕವಿದ್ರೆ ಕಣ್ಣು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಕಿವಿಯಿಂದ ಓಡಿಸ್ಬೇಕು ಮಗಾ. ಹಿಮ ಬೀಳ್ತಿದ್ರೂ ಗಾಜು ಇಳಿಸು," ಎನ್ನುತ್ತಿದ್ದ. ಈ ರಸ್ತೆಯಲ್ಲಿ ಮೇಲಿನಿಂದ ಇಳಿಯುವ ಗಾಡಿ ತಿರುವಿಗೆ ಮುಂಚೆ ಹಾರ್ನ್ ಒತ್ತುತ್ತದೆ; ಹತ್ತುವವರು ಅದನ್ನು ಕೇಳಿ ಅಗಲ ಇರುವ ಜಾಗದಲ್ಲೇ ನಿಲ್ಲಬೇಕು. ಕೇಳಿಸದೆ ಹೋದರೆ ತಿರುವಿನಲ್ಲಿ ಮುಖಾಮುಖಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

ಆದರೆ ಎರಡು ಚಳಿಗಾಲದಿಂದ ಸಂಚಮಾನನಿಗೇ ಕಿವಿ ಕೇಳಿಸುತ್ತಿರಲಿಲ್ಲ. ಅಷ್ಟು ವರ್ಷ ಎಂಜಿನ್ನಿನ ಗದ್ದಲದ ಪಕ್ಕ ಕೂತದ್ದಕ್ಕೋ, ವಯಸ್ಸಿಗೋ, ಅಂತೂ ಹೊರಟುಹೋಯಿತು. ಯಾರಿಗೂ ಹೇಳಲಿಲ್ಲ. ಎದುರಿಗೆ ಕೂತವರ ತುಟಿ ನೋಡಿ ತಲೆಯಾಡಿಸುತ್ತಿದ್ದ. ಕರೆದರೆ ತಿರುಗುತ್ತಿರಲಿಲ್ಲವಾದ್ದರಿಂದ, ಮುದುಕನಿಗೆ ಜಂಬ ಬಂದಿದೆ ಎಂದು ಊರು ಆಡಿಕೊಂಡಿತು. ಆಡಿಕೊಳ್ಳಲಿ ಎಂದು ಅವನೂ ಬಿಟ್ಟ. ಕಿವುಡ ಎನ್ನಿಸಿಕೊಳ್ಳುವುದಕ್ಕಿಂತ ಜಂಬಗಾರ ಎನ್ನಿಸಿಕೊಳ್ಳುವುದು ಮೇಲು. ಜಂಬಗಾರನ ಕೈಯಿಂದ ಯಾರೂ ಗಾಡಿ ಕಿತ್ತುಕೊಳ್ಳುವುದಿಲ್ಲ. ರಸ್ತೆ ಅವನಿಗೆ ಬಾಯಿಪಾಠವಿತ್ತು. ಪ್ರತಿ ತಿರುವಿನಲ್ಲೂ ತಾನೇ ಉದ್ದಕ್ಕೆ ಹಾರ್ನ್ ಒತ್ತಿ, ಇನ್ನೊಬ್ಬನು ನಿಲ್ಲುತ್ತಾನೆಂಬ ನಂಬಿಕೆಯ ಮೇಲೆ ಹತ್ತುತ್ತಿದ್ದ.

ಸೃಜನಾಳ ಓಟಕ್ಕೆ ಸಂಘ ಒಪ್ಪಿದ್ದೇ ದೊಡ್ಡದು. ಹೋದ ವರ್ಷ ಕೇಳಿದಾಗ ಸಂಘದ ಹಿರಿಯ ಪೆಂಬಾ ಶೆರ್ಪಾ ನಕ್ಕುಬಿಟ್ಟಿದ್ದ. ಈ ಸಲ ನಗಲಿಲ್ಲ, ಷರತ್ತು ಹಾಕಿದ. "ನೋಡು ತಂಗಿ, ನೀನು ಪಾಸಾದ್ರೆ ನಿನ್ನ ಹಿಂದೆ ಬರೋ ಹುಡುಗೀರಿಗೂ ದಾರಿ. ಫೇಲಾದ್ರೆ ನನ್ನ ಕಾಲದಲ್ಲಿ ಇನ್ನೊಬ್ಬಳನ್ನ ಹತ್ತಿಸೋಲ್ಲ. ಆಮೇಲೆ ಅತ್ಕೊಂಡು ಬರ್ಬೇಡ."

"ಅಳೋದು ನಿಮ್ಮ ಗಾಡಿ ಗೇರು, ದಾಜು. ನಿನ್ನೆ ಸ್ಟ್ಯಾಂಡಿಗೆಲ್ಲ ಕೇಳಿಸ್ತು," ಎಂದಳು ಸೃಜನಾ, ಅವನನ್ನು ಅಣ್ಣ ಎನ್ನುತ್ತಲೇ. ಸುತ್ತ ನಿಂತವರು ನಕ್ಕರು. ಸಂಚಮಾನನೂ ನಕ್ಕ, ಎಲ್ಲರೂ ನಗುತ್ತಿದ್ದುದನ್ನು ನೋಡಿ.

ಓಟದ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಹಿಂದಿನ ಸೀಟಿನಲ್ಲಿ ಪೆಂಬಾ, ಅವನ ಪಕ್ಕ ಅಮೃತ್ ತಮಾಂಗ್ ಎಂಬ ಮೆತ್ತಗಿನ ಮನುಷ್ಯ. ಟೊಂಗ್ಲು ಕಳೆಯಿತು, ಗೈರಿಬಾಸ್ ಕಳೆಯಿತು. ಸಂಚಮಾನ್ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಕಾಲು ಮಾತ್ರ ಸುಮ್ಮನಿರಲಿಲ್ಲ. ಇಲ್ಲದ ಕ್ಲಚ್ಚನ್ನು ತುಳಿಯುತ್ತಿತ್ತು, ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಹುಡುಗಿಯ ಕೈ ಚೆನ್ನಾಗಿತ್ತು. ತನಗಿಂತ ಒಂದು ಗುಲಗಂಜಿ ಹೆಚ್ಚೇ ಚೆನ್ನಾಗಿದೆ ಎನ್ನಿಸಿ ಅವನಿಗೆ ಹೆಮ್ಮೆಯೂ ಆಯಿತು, ಸ್ವಲ್ಪ ಕಸಿವಿಸಿಯೂ ಆಯಿತು.

ಕಾಲಿಪೋಖ್ರಿ ದಾಟಿದ್ದೇ ಮಂಜು ಇಳಿಯಿತು. ಬಾನೆಟ್ಟಿನ ತುದಿ ಕಾಣದಾಯಿತು. ಸೃಜನಾ ಗಾಜು ಪೂರಾ ಇಳಿಸಿದಳು. ಕೊನೆಯ ಏರು ಶುರುವಾಯಿತು, ಎಲ್ಲಕ್ಕಿಂತ ಕಡಿದಾದದ್ದು. ಇಲ್ಲಿ ವೇಗ ಕಡಿದರೆ ಮುದಿ ಎಂಜಿನ್ ಮತ್ತೆ ಎಳೆಯಲು ಹಟ ಮಾಡುತ್ತದೆ, ಹಿಂದಕ್ಕೆ ಜಾರುವುದೂ ಉಂಟು. ಆದ್ದರಿಂದ ಸುಮ್ಮಸುಮ್ಮನೆ ಯಾರೂ ನಿಲ್ಲಿಸುವುದಿಲ್ಲ. ಸೃಜನಾ ನಿಲ್ಲಿಸಿದಳು.

ಸಂಚಮಾನ್ ತಟಕ್ಕನೆ ತಿರುಗಿದ. ಮಗಳ ಮುಖ ನೋಡಿದ. ಅವಳು ಮಂಜನ್ನೇ ನೋಡುತ್ತಾ ಕುತ್ತಿಗೆ ಒಂದಿಷ್ಟು ವಾಲಿಸಿ ಕೂತಿದ್ದಳು. ಹೆದರಿದಳು, ಅಂದುಕೊಂಡ. ಇಷ್ಟು ದೂರ ಬಂದು ಇಲ್ಲಿ ಕೈಬಿಟ್ಟಳಲ್ಲ! ನಾಲಿಗೆ ಕಚ್ಚಿಕೊಂಡ. ಗಾಡಿ ನಿಂತೇ ಇತ್ತು. ಇನ್ನಷ್ಟು ಹೊತ್ತು ತಡೆದ. ಆಮೇಲೆ ತಡೆಯಲಾಗಲಿಲ್ಲ.

"ಯಾಕೇ ನಿಂತೆ? ಏನೂ ಇಲ್ಲ ಮುಂದೆ. ಎಳಿ, ಹೋಗು!"

ಹಿಂದೆ ಪೆಂಬಾ ಲೊಚಗುಟ್ಟಿದ. ಸೃಜನಾ ತಂದೆಯ ಕಡೆ ತಿರುಗಿ ನೋಡಿದಳು, ಆದರೆ ಕಾಲು ಬ್ರೇಕಿನಿಂದ ಎತ್ತಲಿಲ್ಲ. ಅಷ್ಟರಲ್ಲಿ ಮಂಜಿನೊಳಗಿಂದ ಒಂದು ಪಿಕಪ್ಪಿನ ಮೂತಿ ಹೊರಬಂತು. ಅದರ ಡ್ರೈವರ್ ಹಾರ್ನ್ ಮೇಲಿಂದ ಕೈ ತೆಗೆದಿರಲೇ ಇಲ್ಲ. ಹಿಂದೆ ಖಾಲಿ ಗ್ಯಾಸ್ ಸಿಲಿಂಡರುಗಳು, ಅವುಗಳ ಮೇಲೆ ಸೊಪ್ಪಿನ ಬುಟ್ಟಿ ಹಿಡಿದು ಕೂತಿದ್ದ ಒಬ್ಬ ಹೆಂಗಸು. ಅವಳು ಸೃಜನಾಳ ಕಿಟಕಿಯಿಂದ ಒಂದು ಗೇಣಿನಂತರದಲ್ಲಿ, ಸಂಚಮಾನನ ಕಣ್ಣೆದುರೇ ಹಾದುಹೋದಳು. ಏನೋ ಅಂದು ನಕ್ಕಳು. ಏನು ಅಂದಳೋ ಅವನಿಗೆ ಗೊತ್ತಾಗಲಿಲ್ಲ.

ಶಿಖರದ ಚಹಾದಂಗಡಿಯಲ್ಲಿ ಬೆಂದ ಆಲೂಗಡ್ಡೆ, ಕೆಂಪು ಮೆಣಸಿನಕಾಯಿ ಚಟ್ನಿ ಬಂತು. ಯಾರೂ ಮುಟ್ಟಲಿಲ್ಲ.

"ಹುಡುಗಿ ಚೆನ್ನಾಗೇ ಓಡಿಸ್ದ್ಲು," ಎಂದ ಪೆಂಬಾ. "ಸುಳ್ಳು ಯಾಕೆ ಹೇಳ್ಲಿ. ಆದ್ರೆ ಸಂಚಮಾನ್, ನೀನು ಬಾಯಿ ಬಿಟ್ಟೆ. ನನ್ನ ಸ್ವಂತ ಮಗನ್ನೇ ಒಂದು ಮಾತಿಗೆ ಕೆಳಗಿಳಿಸಿದೋನು ನಾನು. ನಿನ್ನ ಮಗಳಿಗೆ ಬೇರೆ ನ್ಯಾಯ ಮಾಡ್ಲಾ?"

ಸೃಜನಾ ಗೋಡೆ ನೋಡುತ್ತಾ ಕೂತಿದ್ದಳು. ಕಣ್ಣು ತುಂಬಿತ್ತು, ಬೀಳಲು ಬಿಟ್ಟಿರಲಿಲ್ಲ.

ಅಮೃತ್ ಗಂಟಲು ಸರಿಮಾಡಿಕೊಂಡ. "ತಡಿ ದಾಜು. ಅಷ್ಟು ಜೋರಾಗಿ ಹಾರ್ನ್ ಹೊಡ್ಕೊಳ್ತಿರುವಾಗ ಹೋಗು ಅಂತ ಯಾರಾದ್ರೂ ಅಂತಾರಾ? ಬೇಕು ಅಂತ್ಲೇ ಅಂದಿರ್ಬೇಕು, ಹುಡುಗಿ ಕಿವಿ ಪರೀಕ್ಷೆ ಮಾಡೋಕೆ." ಅವನು ಸಂಚಮಾನನ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಕೇಳಿದ. "ಹೌದು ತಾನೆ? ಹೌದು ಅನ್ನು."

ಪೆಂಬಾ ಕಾದ. ಅವನಿಗೂ ಆ ಉತ್ತರವೇ ಬೇಕಾಗಿದ್ದಂತಿತ್ತು.

ಹೌದು ಎಂದರೆ ಸಾಕಾಗಿತ್ತು. ಮಗಳಿಗೆ ರಸ್ತೆ ಸಿಗುತ್ತಿತ್ತು, ತನ್ನ ಸೀಟೂ ಉಳಿಯುತ್ತಿತ್ತು. ನಾಳೆಗೆ ಒಂದು ಕುಟುಂಬ ಅವನನ್ನೇ ಹೇಳಿಟ್ಟಿತ್ತು, ಇನ್ಯಾರೂ ಬೇಡ, ಬಿಳಿ ಮೀಸೆಯವನೇ ಬೇಕೆಂದು. ಸಂಚಮಾನ್ ಬಾಯಿ ತೆರೆದ. ಆ ಬುಟ್ಟಿಯ ಹೆಂಗಸಿನ ಮುಖ ಕಣ್ಣೆದುರು ಬಂತು. ಇವತ್ತು ತಾನು ಓಡಿಸಿದ್ದರೆ ಅವಳು ಈ ಹೊತ್ತಿಗೆ ಕಮರಿಯಲ್ಲಿರುತ್ತಿದ್ದಳು. ಗಾಡಿ ತುಂಬ ಜನರೂ.

"ಪರೀಕ್ಷೆಯೂ ಇಲ್ಲ, ಮಣ್ಣೂ ಇಲ್ಲ," ಎಂದ. "ನಂಗೆ ಹಾರ್ನ್ ಕೇಳಿಸ್ಲಿಲ್ಲ. ಎರಡು ಚಳಿಗಾಲ ಆಯ್ತು, ಏನೂ ಸರಿಯಾಗಿ ಕೇಳಿಸ್ತಿಲ್ಲ. ನಾನು ಆಡಿದ್ದು ಡ್ರೈವರ್ ಮಾತಲ್ಲ, ಕಿವುಡನ ಮಾತು. ಅದನ್ನ ಲೆಕ್ಕಕ್ಕೆ ಹಿಡೀಬೇಡಿ. ಅವಳಿಗೆ ಕೊಡಿ. ನನ್ನ ಇಳಿಸಿ."

"ಥೂ ಮುದುಕಾ!" ಎಂದ ಪೆಂಬಾ. ಎದ್ದು ಬಂದು ಸಂಚಮಾನನ ಅಂಗಿ ಜೇಬಿನಿಂದ ಸಂಘದ ಬಿಲ್ಲೆಯನ್ನು ಬಿಚ್ಚಿ ಸೃಜನಾಳ ಕೈಗಿಟ್ಟ. ಬೇರೆ ಶಾಸ್ತ್ರವೇನೂ ಇರಲಿಲ್ಲ.

ಅವಳು ಅದನ್ನು ನೋಡಲೂ ಇಲ್ಲ. "ಹೋದ ತಿಂಗಳು ಅಮ್ಮನ್ನ ಕೂರಿಸ್ಕೊಂಡು ಬಂದ್ಯಲ್ಲ ಬಾಬಾ, ಇದೇ ಮಂಜಲ್ಲಿ. ಆವಾಗ್ಲೂ ಕೇಳಿಸ್ತಿರ್ಲಿಲ್ವಾ?"

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. "ಇಲ್ಲ."

"ಅಮ್ಮನ್ನ ಕೂಡ!" ಎಂದಳು. "ನನ್ನ ಹತ್ರ ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಂಗೆ? ಒಂದೇ ಒಂದು ಮಾತು?" ಈಗ ಕಣ್ಣೀರು ಬಿತ್ತು. ಅಮೃತ್ ಆಲೂಗಡ್ಡೆಯ ತಟ್ಟೆಯನ್ನು ಸುಮ್ಮನೆ ಅತ್ತಿತ್ತ ಸರಿಸಿದ.

ಇಳಿಯುವಾಗಲೂ ಮಂಜಿತ್ತು. ಅವಳು ಅವನೊಡನೆ ಮಾತಾಡಲಿಲ್ಲ, ಮುಖವನ್ನೂ ನೋಡಲಿಲ್ಲ. ಆದರೆ ದೂರದಲ್ಲಿ ಹಾರ್ನ್ ಕೇಳಿದಾಗಲೆಲ್ಲ ಗೇರಿನ ಮೇಲಿದ್ದ ಎಡಗೈಯನ್ನು ಎತ್ತಿ ಅವನ ಮೊಣಕಾಲನ್ನು ಒಮ್ಮೆ ತಟ್ಟುತ್ತಿದ್ದಳು.