ಠಾಣಾ ಕುಶನೂರ ಬಸ್ಸಿನ ಹನ್ನೊಂದು ಹುಡುಗಿಯರು

ಎಂಬತ್ತರ ದಶಕದ ಆರಂಭ. ನಾನಾಗ ಭಾಲ್ಕಿಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಕಚೇರಿ ಅಧೀಕ್ಷಕ. ಆಡಳಿತ ಮಂಡಳಿಯ ಕಾರ್ಯದರ್ಶಿ ದಶರಥರಾಯರು ಔರಾದ ತಾಲೂಕಿನವರು. ರಾಜ್ಯ ಏಕೀಕರಣದ ಹೊಸದರಲ್ಲಿ ಶಾಸಕರಾಗಿದ್ದು, ಆಮೇಲೆ ರಾಜಕೀಯ ಬಿಟ್ಟು ಕಾಲೇಜಿಗೇ ನಿಂತವರು.

ಪರೀಕ್ಷೆಗೆ ಎರಡು ತಿಂಗಳಿತ್ತು. ಪ್ರತಿ ವಿಷಯದಲ್ಲೂ ಶೇಕಡಾ ಎಪ್ಪತ್ತೈದು ಹಾಜರಿ ಇಲ್ಲದವರಿಗೆ ಹಾಲ್ ಟಿಕೆಟ್ ಕೊಡುವಂತಿರಲಿಲ್ಲ. ಇಂಗ್ಲಿಷಿನಲ್ಲಿ ಕೊರತೆ ಬಿದ್ದ ಹನ್ನೊಂದು ಹುಡುಗಿಯರ ಪಟ್ಟಿಯನ್ನು ರಾಯರ ಸಹಿಗೆ ಇಟ್ಟೆ.

"ಯಾವೂರವ್ರು ಇವ್ರು?"

"ಎಲ್ಲಾರೂ ಠಾಣಾ ಕುಶನೂರ ಕಡೀವ್ರರಿ ಸಾಹೇಬ್ರೆ."

"ಹನ್ನೊಂದೂ ಮಂದಿ ಒಂದೇ ಕಡೀವ್ರು ಅಂದ್ರ, ತಪ್ಪು ಹುಡುಗ್ಯಾರದು ಹ್ಯಾಂಗ ಆಗ್ತದ್ರಿ?"

ಸಹಿ ಮಾಡಲಿಲ್ಲ. ಮರುದಿನ ತಾವೇ ಠಾಣಾ ಕುಶನೂರಿನಿಂದ ಆ ಹುಡುಗಿಯರ ಬಸ್ಸಿನಲ್ಲಿ ನಿಂತುಕೊಂಡು ಬಂದರು. ಬೆಳಿಗ್ಗೆ ಆ ಕಡೆಯಿಂದ ಇದ್ದದ್ದು ಅದೊಂದೇ ಬಸ್ಸು. ಅವರು ಕಾಲೇಜು ಮುಟ್ಟಿದಾಗ ದಿನದ ಮೊದಲ ಪೀರಿಯಡ್ಡಾದ ಇಂಗ್ಲಿಷ್ ಮುಗಿಯಲು ಹತ್ತು ನಿಮಿಷವಿತ್ತು. ಹುಡುಗಿಯರ ಜೊತೆ ಬಾಗಿಲಲ್ಲಿ ನಿಂತ ಎಪ್ಪತ್ತರ ಮುದುಕರನ್ನು ಕಂಡು ಅಧ್ಯಾಪಕರು ಗಾಬರಿಯಾದರು.

"ಬಸ್ಸು ತಡಾ ಆತ್ರಿ ಸರ. ನಂದೂ ಗೈರುಹಾಜರಿ ಹಾಕ್ರಿ," ಎಂದರು ರಾಯರು.

ಹಾಜರಿ ಪುಸ್ತಕ ತಿದ್ದಿಬಿಡೋಣವೆಂದು ನಾನು ಮೆಲ್ಲಗೆ ಸೂಚಿಸಿದೆ. ಅವರಿಗೆ ಸಿಟ್ಟು ಬಂತು. "ಸುಳ್ಳು ಬರಿಬ್ಯಾಡ್ರಿ. ಪಾಠ ತಪ್ಪ್ಯಾದ, ಪಾಠಾನೇ ಕೊಡೂಣು."

ಇಂಗ್ಲಿಷ್ ಪೀರಿಯಡ್ ಮಧ್ಯಾಹ್ನಕ್ಕೆ ಹೋಯಿತು. ಹೆಚ್ಚುವರಿ ತರಗತಿಗಳೂ ಶುರುವಾದವು. ಬೀದರಿನಿಂದ ಓಡಾಡುತ್ತಿದ್ದ ಆ ಅಧ್ಯಾಪಕರು ಮೊದಲು ಗೊಣಗಿದರು. ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಹಾಜರಿ ತುಂಬಿ ಹತ್ತು ಹುಡುಗಿಯರು ಪರೀಕ್ಷೆಗೆ ಕೂತರು.

ಹನ್ನೊಂದನೆಯವಳು ಅನಸೂಯಾ. ಅವಳು ಕಾಲೇಜಿಗೆ ಬರುವುದನ್ನೇ ಬಿಟ್ಟಿದ್ದಳು. ಹೆಚ್ಚುವರಿ ತರಗತಿ ಶುರುವಾದ ವಾರದಲ್ಲೇ ರಾಯರೂ ನಾನೂ ಅವಳ ಮನೆಗೆ ಹೋಗಿದ್ದೆವು. ಅವಳ ತಂದೆ ಚಾಪೆ ಹಾಸಿ ಕೂರಿಸಿ, ತಲೆ ತಗ್ಗಿಸಿಕೊಂಡೇ ಹೇಳಿದರು: "ಬೋರ್ಡಿನ್ಯಾಗ ಹೆಸರು ಹಚ್ಚ್ಯಾರ, ಪರೀಕ್ಷಾ ಇಲ್ಲಂದ್ರುರಿ. ಮತ್ತ ಮನ್ಯಾಗ ಯಾಕ ಕೂಡ್ಸೂದು ಅಂತ ಲಗ್ನಕ್ಕ ಮಾತು ಕೊಟ್ಟೀನ್ರಿ." ಸಹಿಗೂ ಕಾಯದೆ ಆ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿಸಿದವನು ನಾನೇ. ಅನಸೂಯಾ ಒಳಬಾಗಿಲಲ್ಲಿ ನಿಂತಿದ್ದಳು. ರಾಯರು ಎಷ್ಟು ಕೇಳಿಕೊಂಡರೂ ತಂದೆ ಒಪ್ಪಲಿಲ್ಲ.

ತಿರುಗಿ ಬರುವಾಗ ರಾಯರು ನನ್ನನ್ನು ಬೈಯಲಿಲ್ಲ. "ನಮ್ಮ ಕಡಿ ಕಾಲೇಜು ಬೇಕಂತ ಸದನದಾಗ ಗದ್ದಲ ಮಾಡಿದಂವ ನಾ. ಹುಡುಗ್ಯಾರು ಎಷ್ಟೊತ್ತಿಗೆ ಬಂದು ಮುಟ್ತಾರಂತ ಒಮ್ಮ್ಯಾರ ಕೇಳಲಿಲ್ಲ ನೋಡ್ರಿ," ಎಂದಷ್ಟೇ ಅಂದರು.

ಹಾಜರಿಯ ನಿಯಮವನ್ನು ನಾನು ತಪ್ಪಾಗಿ ಅನ್ವಯಿಸಿರಲಿಲ್ಲ. ನನ್ನ ಲೆಕ್ಕವೂ ತಪ್ಪಿರಲಿಲ್ಲ. ಆದರೆ ಹನ್ನೊಂದು ಜನರಲ್ಲಿ ಒಬ್ಬಳನ್ನಾದರೂ ಕರೆದು "ಯಾಕವ್ವ ತಡಾ?" ಎಂದು ಕೇಳಿರಲಿಲ್ಲ. ಅದನ್ನು ಕೇಳುವುದೂ ನನ್ನ ಕೆಲಸವೆಂದು ನಾನು ಕಲಿತದ್ದು ಅನಸೂಯಾಳ ಓದು ನಿಂತ ಮೇಲೆ.