ಸಂದೇಹಕ್ಕೆ ಎರಡು ನಿಮಿಷ

ನಮ್ಮ ಶಾಲೆಯ ಗಣಿತದ ಮೇಷ್ಟರಿಗೆ ಮಕ್ಕಳು ಇಟ್ಟ ಹೆಸರು ಕಾಗದದ ಮೇಷ್ಟ್ರು. ಅವರ ಜೇಬಿನಲ್ಲಿ ಸದಾ ಒಂದು ಹಾಳೆ ಇರುತ್ತಿತ್ತು. ಅದನ್ನು ಮಡಚಿ, ಬಿಚ್ಚಿ, ಎಂಥ ದಡ್ಡ ತಲೆಗೂ ಭಿನ್ನರಾಶಿಯನ್ನು ಇಳಿಸಿಬಿಡುತ್ತಿದ್ದರು. ಇಪ್ಪತ್ತೇಳು ವರ್ಷ ಹೀಗೇ ನಡೆಯಿತು. ಎಲ್ಲ ಮಕ್ಕಳಿಗೂ ಅರ್ಥವಾಗುತ್ತಿತ್ತು. ಅದೇ ಮೇಲಿನವರ ಕಣ್ಣು ಕುಕ್ಕಿರಬೇಕು.

ಈ ವರ್ಷ ಶಾಲೆ ತೆರೆದ ವಾರವೇ ಆದೇಶ ಬಂತು. ಇನ್ನು ಗಣಿತ, ವಿಜ್ಞಾನ, ಚರಿತ್ರೆ ಎಲ್ಲವನ್ನೂ ಪರಭಾಷೆಯಲ್ಲೇ ಕಲಿಸತಕ್ಕದ್ದು. ಪ್ರತಿ ಪಾಠಕ್ಕೂ ಏಳು ಅಂಕಣದ ಪಾಠಯೋಜನೆ ಬರೆಯತಕ್ಕದ್ದು. ಮೊದಲ ಅಂಕಣ ವಿಷಯದ ಗುರಿ, ಎರಡನೆಯದು ಭಾಷೆಯ ಗುರಿ. ಮಿಕ್ಕವು ಏನೆಂದು ಬರೆಸಿದವರಿಗೂ ಗೊತ್ತಿರಲಿಕ್ಕಿಲ್ಲ. ಕೊನೆಯದು ಮಾತ್ರ ಸ್ಪಷ್ಟವಾಗಿತ್ತು: 'ನಿರೀಕ್ಷಿತ ಸಂದೇಹ'. ಯಾವ ವಿದ್ಯಾರ್ಥಿಗೆ, ಎಷ್ಟನೆಯ ನಿಮಿಷಕ್ಕೆ, ಏನು ಸಂದೇಹ ಬರುತ್ತದೆ ಎಂದು ಮೊದಲೇ ಬರೆದಿಡಬೇಕು. ಅದಕ್ಕೆ ಎರಡು ನಿಮಿಷ. ತಪಾಸಣೆಯ ದಿನ ಯಾರ ಪಾಠ ಯೋಜನೆಯಂತೆ ನಡೆಯುವುದಿಲ್ಲವೋ ಅವರ ಕೈಯಿಂದ ತರಗತಿ ಹೋಯಿತು. ಮುರಿದ ಬೆಂಚು, ಹರಿದ ಭೂಪಟ ತುಂಬಿದ ಉಗ್ರಾಣ ನೋಡಿಕೊಂಡು ಕೂರಬೇಕು.

ನನ್ನದು ಚರಿತ್ರೆ. ಪರಭಾಷೆ ನನಗೆ ನೀರು ಕುಡಿದಷ್ಟು ಸಲೀಸು. ಸತ್ತ ರಾಜರು ಯಾವ ಭಾಷೆಯಲ್ಲಿ ಹೇಳಿದರೂ ಎದ್ದು ಬಂದು ತಕರಾರು ಮಾಡುವುದಿಲ್ಲ. ಹಾಗಾಗಿ ನನ್ನ ಯೋಜನೆ ಮೊದಲ ಸಲಕ್ಕೇ ಪಾಸಾಯಿತು. ಮೇಷ್ಟರದು ಕೆಂಪು ಶಾಯಿ ಹೊತ್ತು ಐದು ಸಲ ವಾಪಸು ಬಂತು. ಅವರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ವಾಪಸು ಬಂದ ಹಾಳೆಗಳಲ್ಲಿ ಬಹುಪಾಲನ್ನು ಅವರು ಕಾಲರಿನ ಅಳತೆಗೆ ಕತ್ತರಿಸಿಟ್ಟುಕೊಂಡರು. ಅಷ್ಟರಮಟ್ಟಿಗೆ ಆ ಯೋಜನೆಯಿಂದ ಊರಿಗೆ ಉಪಕಾರವಾಗಿದೆ.

ಭಾಷೆ ತಿದ್ದಿಕೊಡಲು ಒಂದು ಸಂಜೆ ಅವರ ಮನೆಗೆ ಹೋದೆ. ಮೇಷ್ಟ್ರು ಹೆಂಡತಿಯ ಮುಂದೆ ನಿಂತು ಪರಭಾಷೆಯಲ್ಲಿ ಪಾಠ ಒಪ್ಪಿಸುತ್ತಿದ್ದರು.

"ಹೇಗಿತ್ತೇ?"

"ತುಂಬಾ ಚೆನ್ನಾಗಿತ್ತು ರೀ. ಒಂದಕ್ಷರ ಅರ್ಥ ಆಗ್ಲಿಲ್ಲ, ಆದ್ರೂ ಏನೋ ದೊಡ್ಡ ವಿಷಯ ಅನ್ನಿಸ್ತು."

"ಅರ್ಧವನ್ನ ಕಾಲಿನಿಂದ ಭಾಗಿಸಿದ್ರೆ ಎರಡು ಬರುತ್ತೆ ಅಂದೆ ಕಣೆ."

"ಅಷ್ಟೇನಾ? ಅರ್ಧ ಮೀಟರ್ ಬಟ್ಟೇಲಿ ಕಾಲು ಮೀಟರಿನ ತುಂಡು ಎರಡಲ್ದೆ ಇನ್ನೇನು ಮೂರು ಬರುತ್ತಾ? ಇದಕ್ಕೆ ಏಳು ಅಂಕಣ ಬೇಕಾ?"

ಮೇಷ್ಟ್ರು ನಗಲಿಲ್ಲ. "ಉಗ್ರಾಣಕ್ಕೆ ಹಾಕಿದ್ರೆ ನನ್ನ ಕಥೆ ಮುಗೀತು ಸಾರ್," ಎಂದರು. "ಮಕ್ಕಳು ಎದುರಿಗಿಲ್ದಿದ್ರೆ ನನಗೆ ಬದುಕೋದೇ ಗೊತ್ತಿಲ್ಲ."

ಇಬ್ಬರೂ ಕೂತು ಬರೆದೆವು. ಏಳನೆಯ ಅಂಕಣಕ್ಕೆ ಮೂರನೇ ಬೆಂಚಿನ ಹುಡುಗಿಯನ್ನು ಹಾಕಿದೆವು. ಮೂವತ್ತೊಂದನೆಯ ನಿಮಿಷಕ್ಕೆ ಎದ್ದು, "ಭಾಗಿಸಿದರೆ ಕಡಿಮೆಯಾಗಬೇಕಲ್ಲ, ಹೆಚ್ಚಾದದ್ದು ಹೇಗೆ?" ಎಂದು ಪರಭಾಷೆಯಲ್ಲಿ ಕೇಳಬೇಕು. ನಾಲ್ಕು ದಿನದಲ್ಲಿ ಅವಳು ಅದನ್ನು ಗಿಣಿಪಾಠ ಮಾಡಿದಳು. ಅವಳಿಗೆ ಏನೂ ಅರ್ಥವಾಗಿಲ್ಲವೆಂಬುದು ಮೇಷ್ಟರಿಗೆ ಮಾತ್ರ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ತಪಾಸಣೆಯ ಹಿಂದಿನ ದಿನ ತಡೆಯಲಾರದೆ ತರಗತಿಯ ಬಾಗಿಲು ಹಾಕಿ, ಜೇಬಿನ ಹಾಳೆ ಮಡಚಿ, ನಮ್ಮ ಭಾಷೆಯಲ್ಲೇ ತಿಳಿಸಿಹೇಳಿಬಿಟ್ಟರು.

ಮರುದಿನ ತಪಾಸಣಾಧಿಕಾರಿ ಕೊನೆಯ ಬೆಂಚಿನಲ್ಲಿ ಗಡಿಯಾರ ಬಿಚ್ಚಿಟ್ಟುಕೊಂಡು ಕೂತರು, ಪಕ್ಕದಲ್ಲಿ ನಾನು. ಮೂವತ್ತು ನಿಮಿಷ ಪಾಠ ಕೂದಲೆಳೆಯಷ್ಟೂ ಅತ್ತಿತ್ತ ಹೋಗಲಿಲ್ಲ. ಮೂವತ್ತೊಂದಕ್ಕೆ ಹುಡುಗಿ ಎದ್ದಳು. ನಿಂತೇ ಇದ್ದಳು. ಮೇಷ್ಟ್ರು ಕಣ್ಣಲ್ಲೇ ಗೋಗರೆದರು.

"ಕೇಳಮ್ಮ," ಎಂದರು ಅಧಿಕಾರಿ.

"ಏನು ಕೇಳ್ಲಿ ಮೇಡಂ? ನಿನ್ನೆ ಮೇಷ್ಟ್ರು ನಮ್ಮ ಭಾಷೇಲಿ ಹೇಳಿಬಿಟ್ರು, ಅರ್ಥ ಆಗೋಯ್ತು. ಗೊತ್ತಿದ್ದೂ ಗೊತ್ತಿಲ್ಲ ಅಂದ್ರೆ ಸುಳ್ಳಾಗಲ್ವಾ?"

ವರದಿ ಒಂದೇ ಸಾಲಿನದು: 'ವಿದ್ಯಾರ್ಥಿಯಲ್ಲಿ ನಿರೀಕ್ಷಿತ ಸಂದೇಹ ಮೂಡಿಸುವಲ್ಲಿ ಶಿಕ್ಷಕರು ವಿಫಲರಾಗಿದ್ದಾರೆ.'

ಮೇಷ್ಟರಿಗೆ ಉಗ್ರಾಣದ ಬೀಗದ ಕೈ ಸಿಕ್ಕಿತು. ಗಣಿತ ಯಾರಿಗೆ? ನನಗೆ! ಶಾಲೆಯಲ್ಲಿ ಓದುವಾಗ ಭಿನ್ನರಾಶಿ ಕಂಡರೆ ಹೊಟ್ಟೆನೋವೆಂದು ಮನೆಗೆ ಓಡುತ್ತಿದ್ದವನು ನಾನು. "ನಿಮಗೆ ಭಾಷೆ ಬರುತ್ತಲ್ಲ ಸಾರ್, ಗಣಿತ ತಾನಾಗೇ ಬರುತ್ತೆ," ಎಂದರು ಮುಖ್ಯೋಪಾಧ್ಯಾಯಿನಿ. ಆಗಲ್ಲ ಎನ್ನಬಹುದಿತ್ತು. ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡೆ. ಇವತ್ತಿಗೂ ಅದಕ್ಕೆ ನಾಚಿಕೆಯಿದೆ.

ನನ್ನ ಪಾಠಗಳು ಭರ್ಜರಿಯಾಗಿ ನಡೆದವು. ಸಂದೇಹಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು, ಎರಡು ನಿಮಿಷದಲ್ಲಿ ಹೋಗುತ್ತಿದ್ದವು. ಅದು ಬಿಟ್ಟರೆ ಮಕ್ಕಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಧಿಕಾರಿ 'ಅತ್ಯುತ್ತಮ' ಎಂದು ಬರೆದು ಹೋದರು.

ಆದರೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನನ್ನ ತರಗತಿಯ ಮಕ್ಕಳು ಆಟದ ಬಯಲಿನಲ್ಲಿ ಕಾಣಿಸುವುದೇ ನಿಂತಿತು. ಒಂದು ದಿನ ಹುಡುಕಿಕೊಂಡು ಹೋದೆ. ಉಗ್ರಾಣದ ಮುರಿದ ಬೆಂಚುಗಳ ಮೇಲೆ ಅಷ್ಟೂ ಮಂದಿ ಕೂತಿದ್ದರು. ಮೂರನೇ ಬೆಂಚಿನ ಹುಡುಗಿ ನಿಂತಿದ್ದಳು.

"ಮೇಷ್ಟ್ರೇ, ಅರ್ಧವನ್ನ ಅರ್ಧದಿಂದ ಗುಣಿಸಿದ್ರೆ ಕಾಲು ಅಂತ ಹೊಸ ಸಾರ್ ಹೇಳಿದ್ರು. ಗುಣಿಸಿದ್ರೆ ಹೆಚ್ಚಾಗ್ಬೇಕಲ್ವಾ? ಈಗ ನನಗೆ ನಿಜವಾಗ್ಲೂ ಸಂದೇಹ ಬಂದಿದೆ."

ಆಗಲೇ ಮೇಷ್ಟ್ರು ಬಾಗಿಲಲ್ಲಿ ನನ್ನನ್ನು ಕಂಡರು. ಹಾಳೆ ಹಿಡಿದ ಕೈ ಅಲ್ಲೇ ನಿಂತಿತು. ನಾನು ಒಂದು ಮಾತು ಮೇಲೆ ಮುಟ್ಟಿಸಿದರೆ ಉಗ್ರಾಣವೂ ಅವರ ಕೈ ತಪ್ಪುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅದೇ ಲೆಕ್ಕವನ್ನು ಬೆಳಿಗ್ಗೆ ತಾನೇ ನಾನು ಪರಭಾಷೆಯಲ್ಲಿ ಅರಳು ಹುರಿದ ಹಾಗೆ ಹೇಳಿಕೊಟ್ಟು ಬಂದಿದ್ದೆ. ಯಾಕೆ ಹಾಗಾಗುತ್ತದೆಂದು ನನಗೇ ಗೊತ್ತಿರಲಿಲ್ಲ.

ಒಳಗೆ ಹೋಗಿ ಒಂದು ಬೆಂಚಿನ ತುದಿಯಲ್ಲಿ ಕೂತೆ. "ಹೇಳಿ ಮೇಷ್ಟ್ರೇ. ನನಗೂ ಅದೇ ಸಂದೇಹ," ಎಂದೆ.

ಅವರು ಜೇಬಿನಿಂದ ಇನ್ನೊಂದು ಹಾಳೆ ತೆಗೆದು ನನ್ನ ಕೈಗಿಟ್ಟರು. ಅದರ ತುಂಬ ಕೆಂಪು ಶಾಯಿ ಬಿದ್ದ ಏಳು ಅಂಕಣಗಳಿದ್ದವು.

"ಮೊದಲು ಅರ್ಧಕ್ಕೆ ಮಡಚಿ ಸಾರ್," ಎಂದರು.