ನೋಡಲು ಏನೂ ಇಲ್ಲವೆನಿಸಿಕೊಂಡ ಸಂತೆಯೂರು

ಓಕ್ಲ್ಯಾಂಡಿನಲ್ಲಿ ಪ್ರವಾಸಿಗರಿಗಾಗಿ ಆ್ಯಪ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ ನನ್ನ ಕೆಲಸ ಊರುಗಳ ಪರಿಚಯ ಬರೆಯುವುದು. ಹೋದ ಬೇಸಿಗೆಯಲ್ಲಿ ಗಂಡನ ಜೊತೆ ಗ್ರೀಸಿನ ಒಂದು ದ್ವೀಪಕ್ಕೆ ಹೋಗಿದ್ದೆ. ಬೀಚಿಗೆ ಹೊರಟ ಬಸ್ಸಿನಲ್ಲೇ ಅವರಿಗೆ ಚಳಿಜ್ವರ ಶುರುವಾಗಿ, ದ್ವೀಪದ ನಡುವಿನ ಸಂತೆಯೂರೊಂದರಲ್ಲಿ ಇಳಿದುಬಿಟ್ಟೆವು. ಅಲ್ಲಿಂದ ಕಡಲು ಕಾಣುವುದಿಲ್ಲ. ಗೊಬ್ಬರದಂಗಡಿ, ಪಂಪುಸೆಟ್ಟಿನ ರಿಪೇರಿ, ಟ್ರಾಕ್ಟರುಗಳ ಸಾಲು.

ಬಸ್‌ಸ್ಟಾಪಿನ ಎದುರು ಬೀಜ ಮಾರುತ್ತಿದ್ದ ಹೆಂಗಸು ನಮ್ಮ ಅವಸ್ಥೆ ನೋಡಿ ಅಂಗಡಿಗೆ ಬೀಗ ಹಾಕಿದಳು. ತನ್ನ ಪಿಕಪ್ಪಿನಲ್ಲೇ ಡಾಕ್ಟರ ಹತ್ತಿರ ಕರೆದೊಯ್ದು, ಆಮೇಲೆ ನಾಲ್ಕು ದಿನ ತನ್ನ ಮಹಡಿಯ ಕೋಣೆಯಲ್ಲಿ ನಮ್ಮನ್ನು ಇರಿಸಿಕೊಂಡಳು. ಅವಳಿಗೆ ಇಂಗ್ಲಿಷ್ ಬಾರದು, ಕೈಸನ್ನೆಯಲ್ಲೇ ಗದರುತ್ತಿದ್ದಳು. ಶನಿವಾರದ ಸಂತೆಯಲ್ಲಿ ಅವಳ ಪಕ್ಕ ಕೂತು ಈರುಳ್ಳಿ ಸಸಿಯ ಕಟ್ಟು ಕಟ್ಟಿಕೊಟ್ಟೆ.

ಮರಳಿ ಬಂದು ಆ ಊರಿನ ಬಗ್ಗೆ ಎರಡು ಪುಟ ಬರೆದೆ. ನಮ್ಮ ಮ್ಯಾನೇಜರು ಮೈಸೂರಿನವನು. ಮೀಟಿಂಗು ಮುಗಿದು ಎಲ್ಲರೂ ಎದ್ದ ಮೇಲೆ ನನ್ನನ್ನು ನಿಲ್ಲಿಸಿಕೊಂಡ.

"ಇದನ್ನ ಡಿಲೀಟ್ ಮಾಡ್ಬಿಡಿ. ಟ್ರಾಕ್ಟರ್ ನೋಡೋಕೆ ಯಾರ್ರೀ ಗ್ರೀಸಿಗೆ ಹೋಗ್ತಾರೆ? ಯೂಸರ್ಸಿಗೆ ಬೀಚು ಬೇಕು, ಸನ್‌ಸೆಟ್ಟು ಬೇಕು."

"ಆ ಬೀಚ್ ಹೋಟೆಲಲ್ಲಿ ತಿನ್ನೋ ಟೊಮೇಟೊ ಎಲ್ಲಿಂದ ಬರುತ್ತೆ? ಸಮುದ್ರದಲ್ಲಿ ಬೆಳೀತಾರಾ?"

"ಪರ್ಸನಲ್ಲಾಗಿ ತಗೋಬೇಡಿ."

"ಪರ್ಸನಲ್ಲೇ!" ಎಂದು ಕೂಗಿಯೇಬಿಟ್ಟೆ. ಗಾಜಿನಾಚೆ ನಾಲ್ಕೈದು ತಲೆಗಳು ತಿರುಗಿದವು. ಅವನು ಲ್ಯಾಪ್‌ಟಾಪ್ ಮುಚ್ಚಿ ಹೊರಟುಹೋದ.

ಮುಂದಿನ ವಾರ ಆ್ಯಪ್ ತೆರೆದರೆ ನನ್ನ ಎರಡು ಪುಟ ಮಾಯ. ಅಲ್ಲಿದ್ದದ್ದು ಇಷ್ಟೇ: ನೋಡುವಂಥದ್ದೇನೂ ಇಲ್ಲ, ಶನಿವಾರ ಟ್ರಾಕ್ಟರುಗಳ ಕಾಟ, ಊರ ಹೊರಗಿಂದಲೇ ಬಳಸಿ ಹೋಗಿ. ಅದರ ಕೆಳಗೆ ನನ್ನ ಹೆಸರು! ನನ್ನ ಹೆಸರು ತೆಗೆಯಿರೆಂದು ಕೂಡಲೇ ಮ್ಯಾನೇಜರಿಗೆ ಈಮೇಲು ಬರೆದೆ. ಮಧ್ಯಾಹ್ನದೊಳಗೆ ನನ್ನ ಹೆಸರು ಹೋಯಿತು, ಆ ಸಾಲು ಉಳಿಯಿತು.

ಸಂಜೆ ಮಿಲ್ಪಿಟಾಸಿನ ನಮ್ಮ ಮನೆಗೆ ಬಂದು ಗಂಡನಿಗೆ ಹೇಳಿದೆ. ಫೋನಿನಿಂದ ಕಣ್ಣೆತ್ತದೆ, "ಬಿಡು, ಒಂದು ಲೈನು ತಾನೇ," ಎಂದರು.

"ನಿಮ್ಮನ್ನ ತಬ್ಬಿಕೊಂಡು ಮೆಟ್ಟಿಲು ಹತ್ತಿಸಿದವಳು ರೀ ಅವಳು! ನೀವು ವಾಂತಿ ಮಾಡ್ಕೊಂಡ ಶೀಟು ಒಗೆದವಳು!"

ಅವರ ಮುಖ ಇಳಿಯಿತು. ನನಗೆ ಅದೂ ಸಾಲದೆನಿಸಿತು. ಬಾಗಿಲು ದಡಾರನೆ ಎಳೆದುಕೊಂಡು ಪಾರ್ಕಿಂಗ್ ಲಾಟಿನಲ್ಲಿ ಸುತ್ತು ಹಾಕಿದೆ. ಮ್ಯಾನೇಜರನ ಮೇಲೆ, ಗಂಡನ ಮೇಲೆ ಬಂದ ಸಿಟ್ಟೆಲ್ಲ ನಿಧಾನಕ್ಕೆ ನನ್ನ ಮೇಲೇ ತಿರುಗಿತು. ನಾನು ತೆಗೆಸಿದ್ದು ನನ್ನ ಹೆಸರನ್ನು ಮಾತ್ರ, ಆ ಸಾಲನ್ನಲ್ಲ.

ಮರುದಿನ ಟ್ರೈನು ಹಿಡಿದು ಆಫೀಸಿಗೆ ಹೋದೆ. ಅದೇ ದ್ವೀಪದ ಒಂದು ಬೀಚಿನ ಬಗ್ಗೆ, ಮ್ಯಾನೇಜರಿಗೆ ಬೇಕಾದಂತೆ ಸನ್‌ಸೆಟ್ಟೂ ಸೇರಿಸಿ, ಒಂದು ಪುಟ ಬರೆದುಕೊಟ್ಟೆ.